ಹಸಿ ಐತಿ, ಕುಂಡ್ರಬ್ಯಾಡವ್ವಾ

ಕೆಲವರಿಗೆ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ. ನನಗೆ ಕೇಳಿದರೆ ಇನ್ನೊಂದು ಪ್ರಶ್ನೆ ಬರುತ್ತದೆ. ಇದು ಬುದ್ಧಿವಂತಿಕೆಯ ಲಕ್ಷಣವೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಮದುವೆಯಾದ ಮೇಲೆ ಆ ನಂಬಿಕೆ ಹೋಯಿತು. ಚಪ್ಪಲಿ ಕೊಳ್ಳಲು ಹೋದರೂ ಅದರ ತಳಕ್ಕೆ ಯಾವ ಅಂಟು ಹಾಕಿದ್ದಾರೆ, ಮಳೆಯಲ್ಲಿ ನೆನೆದರೆ ಮೊದಲು ಬಿಡುವುದು ಹಿಮ್ಮಡಿಯೋ ಮುಂಗಾಲೋ ಎಂದು ಅಂಗಡಿಯವನನ್ನು ವಿಚಾರಿಸುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ ತನಗೂ ನನಗೂ ಚಪ್ಪಲಿ ಆರಿಸಿ, ಕಟ್ಟಿಸಿಕೊಂಡು ಹೊರಗೆ ಬಂದಿರುತ್ತಾಳೆ. ಅದರ ಮೇಲೆ ನನ್ನ ನೌಕರಿ ವಿಮಾ ಕಚೇರಿಯಲ್ಲಿ. ಇನ್ನೂ ಆಗದ ಅನಾಹುತಗಳ ಬಗ್ಗೆ ಚಿಂತೆ ಮಾಡುವುದಕ್ಕೇ ಅಲ್ಲಿ ಸಂಬಳ ಕೊಡುತ್ತಾರೆ. ಹೀಗಿರುವಾಗ ಮನೆಯ ಮುಂದಿನ ಮರದ ಹಲಗೆಯ ಕಟ್ಟೆಗೆ ಏನು ಬಳಿಯಬೇಕು ಎಂಬ ಪ್ರಶ್ನೆ ಎದ್ದಿತು, ಮತ್ತು ಅದು ಸಿಗಬಾರದವನ ಕೈಗೇ ಸಿಕ್ಕಿತು.

ಕಮರಿಪೇಟೆಯ ನಮ್ಮ ಹಳೆಯ ಮನೆಗೆ ಬೀದಿಗೆ ಹತ್ತಿದಂತೆ ಒಂದು ಕಟ್ಟೆಯಿತ್ತು. ಸಂಜೆ ಅವ್ವ ಅಲ್ಲಿ ಕುಳಿತಳೆಂದರೆ ಯಾರ ಮನೆಗೆ ಬೀಗರು ಬಂದರು, ಯಾರ ಸೊಸೆ ಮುಖ ಸಣ್ಣದು ಮಾಡಿಕೊಂಡು ತವರಿಗೆ ಹೊರಟಳು, ಎಲ್ಲವೂ ಅವಳ ಮುಂದೆ ಹಾದೇ ಹೋಗಬೇಕು. ಆ ಮನೆ ಕೆಡವಿ ಕೇಶ್ವಾಪುರಕ್ಕೆ ಬಂದಾಗ ನಮಗೆ ಗೇಟು ಬಂತು, ಕಂಪೌಂಡು ಬಂತು, ಹಾಡುವ ಕರೆಗಂಟೆ ಬಂತು. ಕಟ್ಟೆ ಮಾತ್ರ ಬರಲಿಲ್ಲ. ಅವ್ವ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸರಳುಗಳ ಸಂದಿಯಿಂದ ರಸ್ತೆ ನೋಡುತ್ತಿದ್ದಳು. “ನಂಗೇನೂ ಬ್ಯಾಡಪಾ, ಕುಂಡ್ರಾಕ ಒಂದು ಕಟ್ಟಿ ಇದ್ರ ಸಾಕಿತ್ತು” ಎಂದು ಒಮ್ಮೆ ಅಂದಳು. ಹಳೆಯ ಮನೆಯ ಅಟ್ಟದ ಸಾಗವಾನಿ ಹಲಗೆಗಳು ನಮ್ಮಲ್ಲೇ ಬಿದ್ದಿದ್ದವು. ಬಡಿಗ ಮೌನೇಶನನ್ನು ಕರೆಸಿ, ಗೇಟಿನ ಪಕ್ಕದಲ್ಲಿ, ಕುಳಿತರೆ ಕಂಪೌಂಡಿನ ಮೇಲಿಂದ ರಸ್ತೆ ಕಾಣುವಷ್ಟು ಎತ್ತರಕ್ಕೆ ಅವನ್ನು ಹಾಸಿಸಿ ಕಟ್ಟೆ ಮಾಡಿಸಿದೆ. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಮೌನೇಶ ಉಳಿ, ಗರಗಸ ಚೀಲಕ್ಕೆ ಹಾಕುವ ಮೊದಲೇ ಅವ್ವ ಎಲಡಿಕೆಯ ಚಂಚಿ ಹಿಡಿದು ಬಂದಳು. ನಾನು ಅಡ್ಡ ನಿಂತೆ. “ತಡಿಯವ್ವಾ, ಇನ್ನೂ ಏನೂ ಹಚ್ಚಿಲ್ಲ. ಮಳಿ ಬಿದ್ರ ಕಟಗಿ ಹಾಳಾಗತೈತಿ.” “ಹಂಗಾರ ಹಚ್ಚಿಬಿಡು” ಎಂದು ಅವ್ವ ಕುರ್ಚಿಗೆ ವಾಪಸಾದಳು. ಅದೇನು ಅಷ್ಟು ಸುಲಭದ ಕೆಲಸವೇ?

“ವಾರ್ನಿಸ್ ಹೊಡಸ್ರಿ ಸರ, ಹೆಂಗ ಮಿಂಚತೈತಿ ನೋಡ್ರಿ” ಎಂದ ಮೌನೇಶ. ಮಿಂಚಿದ್ದು ಎಷ್ಟು ದಿನ ಮಿಂಚುತ್ತದೆ ಎಂದು ಕೇಳಿದೆ. ಅವನು ಊಟದ ಹೊತ್ತಾಯಿತೆಂದು ಹೋದ. ಬಣ್ಣದ ಅಂಗಡಿಯವರು ಮಾತ್ರ ಸಮಾಧಾನದ ಮನುಷ್ಯರು. ನಮ್ಮ ಕಟ್ಟೆಗೆ ಈಗಿನವರು ಡೆಕ್ ಅನ್ನುತ್ತಾರೆಂದು ನನಗೆ ತಿಳಿದದ್ದೇ ಅವರಿಂದ. ಹಚ್ಚುವುದರಲ್ಲಿ ಎರಡು ಜಾತಿಯಂತೆ. ಒಂದು ಮರದ ಮೇಲೆ ಕುಳಿತು ಪೊರೆ ಕಟ್ಟುವುದು, ಇನ್ನೊಂದು ಮರದ ಒಳಗೆ ಇಳಿಯುವುದು. ಪೊರೆ ಕಟ್ಟಿದ್ದು ಚಂದ ಕಾಣುತ್ತದೆ, ಆದರೆ ಬಿಸಿಲಿಗೆ ಬಿರಿಯುತ್ತದೆ. ಬಿರುಕಿನೊಳಗೆ ನೀರು ಹೊಕ್ಕರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಒಳಗೆ ಇಳಿಯುವ ಎಣ್ಣೆ ಏಳುವುದಿಲ್ಲ, ಆದರೆ ಆಗಾಗ ಮತ್ತೆ ಕುಡಿಸುತ್ತಿರಬೇಕು. ಇಷ್ಟು ಕೇಳಿದ್ದೇ ನನಗೆ ರೋಮಾಂಚನವಾಯಿತು. ಅಲ್ಲಿದ್ದ ಎಲ್ಲ ಜಾತಿಯ ಸಣ್ಣ ಸಣ್ಣ ಡಬ್ಬಿಗಳನ್ನು ತಂದು, ಉಳಿದ ಹಲಗೆ ತುಂಡುಗಳಿಗೆ ಒಂದೊಂದನ್ನು ಬಳಿದು, ಕಂಪೌಂಡಿನುದ್ದಕ್ಕೂ ಬಿಸಿಲಿಗೆ ನಿಲ್ಲಿಸಿದೆ. ಬೆಳಿಗ್ಗೆ ಎದ್ದು ತಂಬಿಗೆಯಲ್ಲಿ ನೀರು ತಂದು ಎಲ್ಲಕ್ಕೂ ಸುರಿದು, ಹನಿ ಗುಂಡಗೆ ನಿಲ್ಲುತ್ತದೋ ಹರಡುತ್ತದೋ ಎಂದು ಬಗ್ಗಿ ನೋಡುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಶಾಂತಕ್ಕ ಕಂಪೌಂಡಿನ ಆಚೆಯಿಂದ ಅವ್ವನನ್ನು ಕೇಳಿದರು: “ಅಕ್ಕಾರ, ನಿಮ್ಮ ಮಗ ದಿನಾ ಕಟಗಿಗೆ ನೀರು ಹಾಕ್ತಾರಲ್ಲ, ಚಿಗುರತೈತೇನ್ರಿ?” ಅವ್ವ ನಗಲಿಲ್ಲ. “ಚಿಗುರಿದ್ರ ನೆರಳಾಗಾದ್ರೂ ಕುಂತೇನು” ಎಂದಳು.

ಕೊನೆಗೆ ಅಂಗಡಿಯವರು ಒಂದು ಹಳೆಯ ಕಾಲದ ಡಬ್ಬಿ ತೋರಿಸಿದರು. ಅದರಲ್ಲೇನಿದೆ ಎಂದು ಕೇಳಿದರೆ, ಅಗಸೆ ಎಣ್ಣೆ! ನನಗೆ ಖುಷಿ ತಡೆಯಲಾಗಲಿಲ್ಲ. ಊರೆಲ್ಲ ಹುಡುಕಿದ್ದು ನಮ್ಮ ಅಡುಗೆಮನೆಯಲ್ಲೇ ಇತ್ತಲ್ಲ! ಅಗಸಿ ಹಿಂಡಿ ಎಂಬ ಚಟ್ನಿಪುಡಿಯಿಲ್ಲದೆ ನಾವು ರೊಟ್ಟಿ ಮುರಿದವರೇ ಅಲ್ಲ. “ಇದು ಕುದಿಸಿದ್ದೈತ್ರಿ, ಲಗೂ ಒಣಗತೈತಿ” ಎಂದರು ಅಂಗಡಿಯವರು. ಅಲ್ಲಿಗೆ ನನ್ನೊಳಗಿನ ಮನೆತನ ಎಚ್ಚರವಾಯಿತು. ಕುಸುಬಿ ಎಣ್ಣೆಯಾಗಲಿ, ಶೇಂಗಾ ಎಣ್ಣೆಯಾಗಲಿ, ಗಾಣದ ಮುಂದೆ ನಿಂತು ಕಣ್ಣೆದುರು ಹಿಂಡಿಸಿಕೊಂಡು ಬಂದದ್ದೇ ನಮ್ಮ ಮನೆಯ ಒಲೆಗೆ ಏರುವುದು. ಮುಚ್ಚಿದ ಡಬ್ಬಿಯ ಎಣ್ಣೆ ತಂದವರನ್ನು ಅವ್ವ ಇವತ್ತಿಗೂ ಅನುಮಾನದಿಂದ ನೋಡುತ್ತಾಳೆ. ಕುದಿಸಿದ ಎಣ್ಣೆಗೆ ಏನೇನು ಬೆರೆಸಿದ್ದಾರೋ ಯಾರಿಗೆ ಗೊತ್ತು? ನಾನು ನೇರ ಅಮರಗೋಳದ ಕಡೆಯ ಗಾಣಕ್ಕೆ ಹೋಗಿ, ಎದುರಿಗೆ ನಿಂತು, ಹಸಿ ಅಗಸೆ ಎಣ್ಣೆ ಹಿಂಡಿಸಿಕೊಂಡೆ. “ಮನ್ಯಾಗ ಯಾರಿಗರೆ ಮೊಣಕಾಲ ಬ್ಯಾನಿ ಜೋರ ಐತೇನ್ರಿ? ಇಷ್ಟು ಒಯ್ಯಾಕತ್ತೀರಿ!” ಎಂದು ಗಾಣದವರು ಕನಿಕರಪಟ್ಟರು. ಮನೆಗೆ ಬಂದು ಕಟ್ಟೆಗೆ ಕುಡಿಸಿದೆ. ಅದು ಕುಡಿಯಿತು. ಮದುವೆ ಮನೆಯಲ್ಲಿ ಬೀಗರಿಗೆ ಬಡಿಸಿದಂತೆ, ಸಾಕು ಅಂದರೂ ಬಿಡದೆ ಇನ್ನಷ್ಟು ಹಾಕಿದೆ.

ಕಟ್ಟೆ ಒಣಗಲಿಲ್ಲ. ಮರುದಿನ ಅಂಟು, ಮರುವಾರ ಅಂಟು. ಅಂಗಳವೆಲ್ಲ ಅಗಸೆಯ ಘಮ, ಆ ಘಮಕ್ಕೆ ಎಲ್ಲರೂ ಒಂದೊಂದು ರೊಟ್ಟಿ ಹೆಚ್ಚು ತಿನ್ನತೊಡಗಿದೆವು. ದಿನಾ ಸಂಜೆ ಅವ್ವ “ಒಣಗೇತೇನೋ?” ಎನ್ನುವಳು. “ಹಸಿ ಐತಿ, ಕುಂಡ್ರಬ್ಯಾಡವ್ವಾ” ಎನ್ನುವೆ. ಮತ್ತೆ ವಿಚಾರಣೆಗೆ ಹೊರಟೆ. ಹಸಿ ಅಗಸೆ ಎಣ್ಣೆ ತೆಳ್ಳಗೆ ಬಳಿದರೂ ಒಣಗಲು ವಾರಗಟ್ಟಲೆ ಹಿಡಿಯುತ್ತದಂತೆ, ಡಬ್ಬಿಯವರು ಕುದಿಸುವುದು ಅದಕ್ಕೇ ಅಂತೆ. ಅಷ್ಟೇ ಅಲ್ಲ, ಈ ಎಣ್ಣೆ ನೀರಿನಂತೆ ಆರಿಹೋಗುವುದೇ ಇಲ್ಲ. ಗಾಳಿಯನ್ನು ಹೀರಿಕೊಂಡು ತಾನೇ ಗಟ್ಟಿಯಾಗುತ್ತದೆ! ಈ ವಿಸ್ಮಯವನ್ನು ಓಡಿಬಂದು ಅವ್ವನಿಗೆ ಹೇಳಿದೆ. ಅವಳು ಕುರ್ಚಿಯಲ್ಲಿ ಕುಳಿತು ಗೇಟಿನ ಸರಳು ನೋಡುತ್ತಿದ್ದಳು. “ಅದು ಗಾಳಿ ಕುಡದು ಗಟ್ಟಿ ಆಗೂತನಕ ನಾ ಇರ್ತೇನೋ ಇಲ್ಲೋ” ಎಂದಳು. ನನಗೆ ಚುಚ್ಚಿದಂತಾಯಿತು. ಆ ಎಣ್ಣೆಯನ್ನೆಲ್ಲ ಕೆರೆದು ತೆಗೆದು ಹೊಸದಾಗಿ ಶುರುಮಾಡುವುದೆಂದು ತೀರ್ಮಾನಿಸಿ ಮರಳು ಕಾಗದ, ಟರ್ಪೆಂಟೈನು, ಬೇರೊಂದು ಡಬ್ಬಿ ತಂದಿಟ್ಟೆ.

ಅಷ್ಟರಲ್ಲಿ ಅಮವಾಸ್ಯೆ ಬಂತು. ಅಂದು ನಮ್ಮ ಮನೆಗೆ ಗುರುಗಳು, ನಾವು ಅಯ್ಯನವರು ಎನ್ನುತ್ತೇವೆ, ಪಾದಪೂಜೆಗೆ ಬರುವುದು ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿ. ಬೆಳಿಗ್ಗೆ ಸ್ನಾನ ಮಾಡಿದವನು, ಬೆರಳಿಗಿಂತ ಅಂಗಾಲಿಗೆ ಅಂಟು ಚೆನ್ನಾಗಿ ತಿಳಿಯುತ್ತದೆಂಬ ಹೊಸ ವಿಚಾರ ಹೊಳೆದು, ಕಟ್ಟೆಯ ಮೂಲೆಯಲ್ಲಿ ಬರಿಗಾಲಲ್ಲಿ ಒಂದು ಗಳಿಗೆ ನಿಂತೆ. ಅಂಟಿತ್ತು. ಅಯ್ಯನವರು ಬಂದರು, ಪೂಜೆಯಾಯಿತು, ಊಟವಾಯಿತು. “ಎಲ್ಲೋ ಅಗಸಿ ವಾಸನಿ ಬರಾಕತ್ತೈತಿ, ಹಿಂಡಿ ಐತೇನವಾ?” ಎಂದು ಅವರು ಗಿರಿಜಾಳನ್ನು ಕೇಳಿ ಹಾಕಿಸಿಕೊಂಡರು. ಅವರನ್ನು ಗೇಟಿನವರೆಗೆ ಕಳಿಸಿ ಬಂದ ಮೇಲೆ, ಸಂಜೆಗೆ ಮಳೆಗಾಲದ ಮುಂಚಿನ ಗಾಳಿ ಎದ್ದು ರಸ್ತೆಯ ಕೆಂಧೂಳನ್ನೆಲ್ಲ ತಂದು ಕಟ್ಟೆಗೆ ಸುರಿಯಿತು. ಕಸ ಹೊಡೆಯಲು ಹೋದ ಗಿರಿಜಾ ಚೀರಿದಳು: “ಅತ್ತೀ, ಬರ್ರಿಲ್ಲೆ! ಅಯ್ಯನವರ ಪಾದ ಮೂಡ್ಯಾವ!” ಮರಳು ಕಾಗದ ತುಂಡು ಮಾಡುತ್ತಿದ್ದ ನಾನೂ ಓಡಿದೆ. ಧೂಳಿನ ನಡುವೆ ಎರಡು ಹೆಜ್ಜೆ ಸ್ಪಷ್ಟವಾಗಿದ್ದವು. ಅವ್ವ ಬಗ್ಗಿ ಬಹಳ ಹೊತ್ತು ನೋಡಿದಳು. ನನ್ನ ಕೈಯಲ್ಲಿದ್ದ ಮರಳು ಕಾಗದವನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ ವಿಭೂತಿ, ಕಣಗಿಲ ಹೂವು ತಂದು ಹೆಜ್ಜೆಗಳ ಮೇಲಿಟ್ಟಳು. “ಇನ್ನ ಈ ಕಟ್ಟಿ ಯಾರೂ ಉಜ್ಜಬಾರ್ದು, ಏನೂ ಹಚ್ಚಬಾರ್ದು” ಎಂದು ಅಪ್ಪಣೆ ಮಾಡಿ, ಇನ್ನೊಂದು ತುದಿಗೆ ಕೌದಿ ಹಾಸಿ ಕುಳಿತೇಬಿಟ್ಟಳು.

ನನ್ನ ಎಡಗಾಲಿನ ಕಿರುಬೆರಳು ಹುಟ್ಟಿನಿಂದಲೇ ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿದೆ. ಅಂಗಾಲು ಎಣ್ಣೆ ಎತ್ತಿಕೊಂಡಲ್ಲಿ ಧೂಳು ಹತ್ತದೆ ಮೂಡಿದ ಆ ಹೆಜ್ಜೆಯಲ್ಲೂ ಹಾಗೇ ಇತ್ತು. ಹೂವು ಏರುತ್ತಿದ್ದದ್ದು ನನ್ನ ಕಾಲಿಗೆ! ಕೆಲವು ದಿನ ಬಾಯಿ ಬಿಡದೆ ಒದ್ದಾಡಿದೆ. ಒಂದು ಸಂಜೆ ತಡೆಯಲಾರದೆ ಅವ್ವನ ಪಕ್ಕ ಕುಳಿತು, “ಅವ್ವಾ, ಅವು ಅಯ್ಯನವರ ಪಾದ ಅಲ್ಲ” ಎಂದೆ.

“ಗೊತ್ತೈತಿ” ಎಂದಳು ಅವ್ವ, ರಸ್ತೆಯಿಂದ ಕಣ್ಣು ತೆಗೆಯದೆ. “ಅಯ್ಯನವರ ಪಾದ ಅಂತ ನಾ ಯಾವಾಗ ಅಂದೆ? ಹಡದಾಕಿ ನಾನು, ನಿನ್ನ ಕಾಲಬಟ್ಟು ನಂಗ ಗುರ್ತು ಸಿಗೂದಿಲ್ಲೇನು?”

“ಮತ್ತ ಹೂವ ಯಾಕ ಇಟ್ಟಿ?”

“ಹೂವ ಇಡದಿದ್ರ ನೀ ಆ ಡಬ್ಬಿ ತಗೀತಿದ್ದಿ.”

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಕುಳಿತುಕೊಳ್ಳಲು ಇಷ್ಟೇ ಇಷ್ಟು ಜಾಗ ಬೇಡಿದವಳನ್ನು ಬೇಸಿಗೆಯುದ್ದಕ್ಕೂ ಕುಂಡ್ರಬ್ಯಾಡ ಎಂದಿದ್ದೆನಲ್ಲ. ಕಟ್ಟೆ ಮಾತ್ರ ಆಮೇಲೆ ತನ್ನಷ್ಟಕ್ಕೆ ಒಣಗಿತು. ಎಣ್ಣೆಗೆ ಧೂಳು ಕೂಡಿ, ವಿಭೂತಿ ಕೂಡಿ, ಯಾವ ಡಬ್ಬಿಯ ಮೇಲೂ ಕಾಣದ ಒಂದು ಬಣ್ಣ ಬಂದಿದೆ. ಮೊದಲ ಮಳೆಯ ಹನಿಗಳು ಅದರ ಮೇಲೆ ಗುಂಡಗೆ ನಿಂತವು. ಯಾಕೆ ನಿಂತವೆಂದು ವಿಚಾರಿಸಬೇಕೆಂಬ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ.

ಒಂದು ತೊಂದರೆ ಉಳಿದಿದೆ. ಶಾಂತಕ್ಕ ದಿನಾ ಸಂಜೆ ಬಂದು ಮೊದಲು ಆ ಮೂಲೆಗೆ ಕೈಮುಗಿದು, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಅವ್ವನ ಪಕ್ಕ ಕೂಡುತ್ತಾರೆ. ಅವರ ಕಣ್ಣು ಆ ಪಾದದಿಂದ ನನ್ನ ಪಾದಕ್ಕೆ ಬಂದರೆ ಏನು ಗತಿ ಎಂದು ನಾನು ಮನೆಯಲ್ಲೂ ಕಾಲುಚೀಲ ಹಾಕಿಕೊಂಡು ತಿರುಗುತ್ತಿದ್ದೇನೆ. ಮೊನ್ನೆ ಕೇಳಿಯೇಬಿಟ್ಟರು: “ಅಕ್ಕಾರ, ಮಳಿ ಬಿದ್ರೂ ಇಳೀದ ಇಂಥಾ ಝಳದಾಗ ನಿಮ್ಮ ಮಗ ಕಾಲಚೀಲ ಯಾಕ ಹಾಕ್ಕೊಂಡಾರ್ರಿ?”

ಅವ್ವ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತ ನನ್ನ ಕಡೆ ತಿರುಗಿ ನೋಡಿದಳು. “ಕಾಲಿಗೆ ಏನೋ ಎಣ್ಣಿ ಹಚ್ಕೊಂಡಾನವಾ” ಎಂದಳು. “ಇನ್ನೂ ಒಣಗಿಲ್ಲ.”