ಒಂದೇ ಹೊಟ್ಟೆಗೆ ಎರಡು ಗುಳಿಗೆ

ದವಾಖಾನೆಯ ಕುರ್ಚಿಯ ಮೇಲೆ ಕೂತೊಡನೆ ನನ್ನ ಬಾಯಿಂದ ನಿಜ ಅರ್ಧಮರ್ಧವಾಗಿಯೇ ಹೊರಡುತ್ತದೆ. ಎಷ್ಟು ಚಹಾ ಕುಡಿಯುತ್ತೀರಿ ಎಂದರೆ ಒಂದು ಕಪ್ಪು ಕಡಿಮೆ ಹೇಳುತ್ತೇನೆ, ಎಷ್ಟು ನಡೆಯುತ್ತೀರಿ ಎಂದರೆ ಒಂದು ಓಣಿ ಹೆಚ್ಚು ಹೇಳುತ್ತೇನೆ. ಮೋಸ ಮಾಡುವ ಉದ್ದೇಶವೇನಿಲ್ಲ. ಅಷ್ಟು ಓದಿದವರು ನನ್ನ ಬಗ್ಗೆ ಒಂದಿಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳಲಿ ಎಂಬ ಆಸೆ. ಎಚ್‌ಐವಿ ಔಷಧಿ ತರಲು ಗದುಗಿನ ದವಾಖಾನೆಗೆ ಹೋದಾಗಲೆಲ್ಲ ಅಲ್ಲಿಯವರು, "ಇದನ್ನ ಬಿಟ್ಟು ಬ್ಯಾರೆ ಏನಾರ ಗುಳಿಗಿ ತೊಗೋತೀರೇನ್ರೀ?" ಎಂದು ಕೇಳುತ್ತಿದ್ದರು. ನಾನು "ಇಲ್ರೀ" ಎನ್ನುತ್ತಿದ್ದೆ. ಬಸಿರಾಗದಿರಲೆಂದು ನಿತ್ಯ ನುಂಗುವ ಗುಳಿಗೆಯೊಂದು ಇತ್ತು, ಖರೆ. ಆದರೆ ಅದು ಜಡ್ಡಿಗೆ ಕೊಟ್ಟದ್ದಲ್ಲವಲ್ಲ! ಹೀಗಾಗಿ ನನ್ನ ಲೆಕ್ಕದಲ್ಲಿ ಅದು ಗುಳಿಗೆಗಳ ಜಾತಿಗೇ ಸೇರಿರಲಿಲ್ಲ.

ನಾನು ಗಜೇಂದ್ರಗಡದಲ್ಲಿ ಕುಪ್ಪಸ ಹೊಲಿಯುವವಳು. ಯಜಮಾನರು ಸುತ್ತಲಿನ ಸಂತೆಗಳಲ್ಲಿ ಬಟ್ಟೆ ಮಾರುತ್ತಾರೆ. ಇಬ್ಬರಿಗೂ ಈ ಜಡ್ಡು ಇದೆಯೆಂದು ತಿಳಿದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಅವಳ ರಕ್ತದ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾದ ದಿನಗಳಲ್ಲಿ ನಾನು ಹೊಲಿದ ಕುಪ್ಪಸಗಳ ತೋಳು ಹಿಂದುಮುಂದಾಗಿದ್ದವು. ಗಿರಾಕಿಗಳು ಬೈದರೂ ನನಗೆ ಕೇಳಿಸಿರಲಿಲ್ಲ. ದೇವರ ದಯೆ, ಕೂಸಿಗೆ ಏನೂ ಇರಲಿಲ್ಲ. ಅಂಥ ಕಾಯುವಿಕೆ ಇನ್ನೊಮ್ಮೆ ಬೇಡವೆಂದು ಅಂದೇ ನಿರ್ಧರಿಸಿದ್ದೆವು. ಆಪರೇಶನ್ ಮಾಡಿಸೋಣವೆಂದರೆ, ಮೈಯಲ್ಲಿ ರಕ್ತ ಕಡಿಮೆಯಿದೆ, ಮೊದಲು ಸುಧಾರಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಅದಕ್ಕೇ ನಮ್ಮೂರಲ್ಲಿ ಸಿಗುವ ಈ ಗುಳಿಗೆಯನ್ನು ನಾನಾಗಿಯೇ ಶುರು ಮಾಡಿದ್ದೆ. ಅತ್ತೆಗೆ ಮಾತ್ರ ಎಲ್ಲ ಗುಳಿಗೆಯೂ ರಕ್ತ ಹೆಚ್ಚಿಸುವುದಕ್ಕೇ ಎಂದು ಹೇಳಿಟ್ಟಿದ್ದೆವು.

ಒಂದು ಸಲ ಗದುಗಿನಲ್ಲಿ ಸಲಹೆ ಹೇಳುವ ಮೇಡಂ ಅದೇ ವಿಷಯಕ್ಕೆ ಬೇರೆ ದಾರಿಯಿಂದ ಬಂದರು. "ಮಕ್ಕಳಾಗಬಾರ್ದು ಅಂತ ಏನ್ ಮಾಡೀರಿ?" ಎಂದು ಕೇಳಿದರು. ಈ ಪ್ರಶ್ನೆಗೆ ನಾನು ಸುಳ್ಳು ತಯಾರು ಮಾಡಿಕೊಂಡಿರಲಿಲ್ಲ. ಬಾಯಿ ತಪ್ಪಿ ನಿಜ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅಯ್ಯ, ಮೊದಲ ಹೇಳಬೇಕಿಲ್ಲೇನ್ರೀ? ನೀವು ತೊಗೊಳ್ಳೋದರಾಗ ನೆವಿರಪಿನ್ ಅಂತ ಒಂದು ಔಷಧ ಐತಿ. ಅದು ಇದ್ರ ಆ ಇನ್ನೊಂದು ಗುಳಿಗಿ ಮೈಯಾಗ ಲಗೂ ಕರಗಿ ಹೋಗ್ತೈತಿ. ಅದರ ಶಕ್ತಿ ಕಡಿಮಿ ಆಗಬಹುದು."

"ಹಂಗಾರ ಈ ಜಡ್ಡಿನ ಗುಳಿಗಿ ಬಿಟ್ಟಬಿಡ್ಲೇನ್ರೀ?"

"ಸುತಾರಾಂ ಬಿಡಬ್ಯಾಡ್ರಿ! ಇದನ್ನ ಒಂದು ದಿನಾನೂ ತಪ್ಪಿಸಬಾರ್ದು. ಆ ಗುಳಿಗಿ ಒಂದನ್ನ ನಂಬಿ ಕೂಡಬ್ಯಾಡ್ರಿ ಅಷ್ಟ. ಪ್ರತಿ ಸಲ ನಿರೋಧ ಬಳಸ್ರಿ. ತಿಂಗಳಿಂದು ಬರೋಬ್ಬರಿ ಆಗ್ತೈತಿಲ್ಲೋ?"

"ಹೌದ್ರೀ" ಎಂದೆ. ರೂಢಿ ನೋಡಿ, ಬಾಯಿ ತಾನೇ ಹೇಳಿಬಿಟ್ಟಿತು. ಬಸ್ಸಿನಲ್ಲಿ ಕೂತು ಬೆರಳು ಮಡಚಿ ದಿನ ಎಣಿಸಿದೆ. ಮುಟ್ಟಿನ ದಿನ ಯಾವಾಗಲೋ ದಾಟಿ ಹೋಗಿತ್ತು.

ಅಂದಿನಿಂದ ನನ್ನ ಮೈ ನನಗೇ ಪತ್ತೇದಾರಿಯ ವಿಷಯವಾಯಿತು. ತೇಗು ಬಂದರೆ ಬಸಿರು, ಬರದಿದ್ದರೂ ಬಸಿರು. ಹುಣಸೆಹಣ್ಣು ಕಂಡರೆ ಹೆದರಿಕೆ. ಯಜಮಾನರಿಗೆ ಹೇಳಿದಾಗ ಅವರು ನನಗಿಂತ ಹೆಚ್ಚು ಬೆವೆತರು. ನಮ್ಮೂರಿನ ಔಷಧಿ ಅಂಗಡಿಯವರು ಪರಿಚಯದವರು, ಅಲ್ಲಿ ಕೇಳುವಂತಿಲ್ಲ. ರೋಣದ ಸಂತೆಗೆ ಹೋಗುವಾಗ ಬಸಿರು ನೋಡುವ ಪಟ್ಟಿ, ನಿರೋಧ ಎರಡನ್ನೂ ತರುತ್ತೇನೆಂದು ಧೈರ್ಯವಾಗಿ ಹೊರಟರು. ಸಂಜೆ ಚೀಲದಿಂದ ತಲೆನೋವಿನ ಮುಲಾಮು ಹೊರಬಂತು.

"ಇದೇನ್ರೀ?"

"ಅಂಗಡ್ಯಾಗ ನಮ್ಮ ಸಾಲಿ ಗಣಿತದ ಮಾಸ್ತರು ನಿಂತಿದ್ರು. 'ಏನಪಾ, ಏನ್ ತೊಗೊಳ್ಳಾಕ ಬಂದೀ?' ಅಂತ ಕೇಳಿದ್ರು. ಅವರ ಮುಂದ ಹ್ಯಾಂಗ ಕೇಳ್ಲಿ? ನಂಗ ಖರೇನ ತಲಿ ಬ್ಯಾನಿ ಬಂತು."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇತ್ತ ಅತ್ತೆಯ ಕಣ್ಣು ನನ್ನ ಮೇಲೆ ನೆಟ್ಟಿತ್ತು. ಹಿತ್ತಲಿನ ಹಗ್ಗದ ಮೇಲೆ ಒಣಗುವ ಬಟ್ಟೆಗಳಲ್ಲಿ ಮುಟ್ಟಿನ ಬಟ್ಟೆ ಇದೆಯೇ ಎಂದು ಒಂದೊಂದಾಗಿ ನೋಡುತ್ತಿದ್ದರು. ನನ್ನ ತಾಟಿಗೆ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚು ಬೀಳತೊಡಗಿತು. ಕೊಡ ಎತ್ತಹೋದರೆ ಕಸಿದುಕೊಳ್ಳುತ್ತಿದ್ದರು. ಇಟಗಿಯ ಭೀಮಾಂಬಿಕೆಗೆ ಹರಕೆ ಹೊತ್ತದ್ದೂ ಕಿವಿಗೆ ಬಿತ್ತು. ಮೊಮ್ಮಗನಿಗಾಗಿ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅವರ ಆಸೆಯನ್ನು ಹೇಗೆ ಮುರಿಯಲಿ ಎಂದು ಮಷಿನ್ನು ತುಳಿಯುತ್ತ ಮನಸ್ಸಿನಲ್ಲೇ ಭಾಷಣ ಕಟ್ಟತೊಡಗಿದೆ. ಭಾಷಣ ಉದ್ದವಾದಂತೆ ಕುಪ್ಪಸದ ತೋಳುಗಳು ಮತ್ತೆ ದಿಕ್ಕು ತಪ್ಪಿದವು.

ಕೊನೆಗೆ ತಡೆಯಲಾರದೆ ನಾನೇ ಗದುಗಿಗೆ ಹೋದೆ. "ಮೊನ್ನೆ ಸುಳ್ಳು ಹೇಳಿದ್ನಿರೀ" ಎಂದೆ. ಮೇಡಂ ಬೈಯಲಿಲ್ಲ, ಮೂತ್ರದ ಪರೀಕ್ಷೆ ಮಾಡಿಸಿದರು. ಬೆಂಚಿನ ಮೇಲೆ ಕೂತ ನನಗೆ ಮಗಳ ರಕ್ತದ ಫಲಿತಾಂಶಕ್ಕೆ ಕಾದದ್ದೇ ಕಣ್ಣಿಗೆ ಕಟ್ಟಿತು.

"ಏನೂ ಇಲ್ರೀ" ಎಂದರು ಅವರು. "ಅಶಕ್ತಿಗೆ, ಚಿಂತಿಗೆ ಒಮ್ಮೊಮ್ಮೆ ಹಿಂದ ಬೀಳ್ತೈತಿ. ವಾರದಾಗ ಆಗಲಿಲ್ಲಂದ್ರ ಮತ್ತ ಬರ್ರಿ. ಹಂಗ, ನಿಮ್ಮ ರಕ್ತ ಈಗ ಚಲೋ ಏರೇತಿ. ಆಪರೇಶನ್ ಬಗ್ಗೆ ಡಾಕ್ಟರ್ನ ಕೇಳೂಣು." ಚೀಲದ ತುಂಬ ನಿರೋಧವನ್ನೂ ಅವರೇ ಕೊಟ್ಟು ಕಳಿಸಿದರು.

ಆ ವಾರದಲ್ಲೇ ಮುಟ್ಟಾದೆ. ಅತ್ತೆ ಹಿತ್ತಲಿನ ಹಗ್ಗ ನೋಡಿ, ನಾನು ಕಾಯಿಪಲ್ಯ ಹೆಚ್ಚುತ್ತಿದ್ದ ಅಡುಗೆಮನೆಗೆ ಬಂದರು. ಭಾಷಣಕ್ಕೆ ಸಮಯ ಬಂತೆಂದು ನಾನು ಗಂಟಲು ಸರಿಪಡಿಸಿಕೊಂಡೆ. ಅವರು ಅದಕ್ಕೆ ಅವಕಾಶ ಕೊಡದೆ ಎರಡೂ ಕೈ ಮೇಲೆತ್ತಿ ಮುಗಿದರು.

"ಯವ್ವಾ ಭೀಮವ್ವಾ, ಉಳಿಸಿದಿ! ಇನ್ನೊಂದು ಆಗಬಾರ್ದಂತ ಹರಕಿ ಹೊತ್ತಿದ್ದೆ. ನಿನ್ನ ಜಡ್ಡು ಏನಂತ ನಾ ಕೇಳಂಗಿಲ್ಲವಾ, ನೀ ಹೇಳೂದೂ ಬ್ಯಾಡ. ಮೊದಲನೇ ಸಲಕ್ಕ ಎಷ್ಟು ಇಳಿದು ಹೋಗಿದ್ದಿ, ನಾ ನೋಡೇನಿ. ನನಗ ಮೊಮ್ಮಗ ಬ್ಯಾಡ, ನೀ ಇರಬೇಕು."

ಅಷ್ಟು ದಿನ ಪದಕ್ಕೆ ಪದ ಜೋಡಿಸಿ ಕಟ್ಟಿದ್ದ ಭಾಷಣದ ಒಂದು ಮಾತೂ ನೆನಪಾಗಲಿಲ್ಲ. ತಲೆ ತಗ್ಗಿಸಿ ಹೆಚ್ಚುವುದನ್ನು ಮುಂದುವರಿಸಿದೆ.

"ಮತ್ತ್ಯಾಕ ಅಳಾಕತ್ತೀ?"

"ಉಳ್ಳಾಗಡ್ಡಿರೀ ಅತ್ತಿ, ಕಣ್ಣು ಉರಿತಾವ" ಎಂದೆ.

ಅತ್ತೆ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನನ್ನ ಕೈ ನೋಡಿದರು, ಹೊರಗೆ ಹೋದರು. ನಾನು ಹೆಚ್ಚುತ್ತಿದ್ದುದು ಬದನೆಕಾಯಿ.