ಘಾಟಿಯ ನಡುವೆ ಮಾಯವಾದ ಅವ್ವನ ಲಾರಿ

ನಮ್ಮ ಓಣಿಯಲ್ಲಿ ಚಾಲ್ತಿಯಲ್ಲಿರುವ ಕಥೆ ಹೀಗಿದೆ: ಆಯುಧ ಪೂಜೆಯ ದಿನ ಪೂಜೆಗಿಟ್ಟ ಕಂಪ್ಯೂಟರನ್ನು ನಾನು ಮುಟ್ಟಿದೆ, ದೇವಿಗೆ ಸಿಟ್ಟು ಬಂತು, ಅವ್ವನ ಲಾರಿ ಮಾಯವಾಯಿತು. ಎದುರುಮನೆಯ ಗಂಗಮ್ಮತ್ತೆ ಈ ಕಥೆಯನ್ನು ಹೊಸಪೇಟೆ ದಾಟಿಸಿ ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ವರೆಗೂ ಮುಟ್ಟಿಸಿದ್ದಾರೆ. ಈ ವಾದವನ್ನು ನಾನು ಬಲವಾಗಿ ಖಂಡಿಸುತ್ತೇನೆ. ಮೊದಲನೆಯದಾಗಿ, ಲಾರಿ ಮಾಯವಾದದ್ದು ಪೂಜೆಗೆ ಮುಂಚೆ. ಎರಡನೆಯದಾಗಿ, ಇಂಥ ಅನಾಹುತಕ್ಕೆ ನನಗೆ ದೇವಿಯ ನೆರವು ಬೇಕಿರಲಿಲ್ಲ. ಮೊದಲಿಂದ ಕೊನೆಯವರೆಗೆ ಅದು ನನ್ನ ಸ್ವಂತ ಪರಿಶ್ರಮ!

ಲಾರಿ ಎಂದರೆ ಕಂಪ್ಯೂಟರ್ ಆಟದ ಲಾರಿ. ಅಪ್ಪ ಸಂಡೂರಿನ ಗಣಿಗಳಿಂದ ಅದಿರು ಲಾರಿ ಓಡಿಸಿದವರು. ಬೆನ್ನುನೋವು ಬಂದು ಸ್ಟೇರಿಂಗ್ ಬಿಟ್ಟರು. ಸ್ಟೇರಿಂಗಿನ ಬಗ್ಗೆ ಮಾತಾಡುವುದನ್ನು ಬಿಡಲಿಲ್ಲ.

"ಹೆಣ್ಮಕ್ಳು ಕಾರ್ ಹೊಡದಾರು. ಲೋಡ್ ಲಾರಿ ಘಾಟಿ ಹತ್ಸೋದು ಆಗೋ ಮಾತಲ್ಲ ಬಿಡು."

ಇದನ್ನು ಕೇಳಿ ಕೇಳಿ ರೋಸಿದ ಅವ್ವ, ಒಂದು ಮಧ್ಯಾಹ್ನ ನನ್ನ ಲಾರಿ ಆಟದ ಮುಂದೆ ಕುಳಿತವಳು ಆಮೇಲೆ ನನಗೆ ಕುರ್ಚಿ ಬಿಟ್ಟುಕೊಡಲೇ ಇಲ್ಲ.

ಆಟ ವಿದೇಶದ್ದು. ಅದನ್ನು ನಮ್ಮೂರಿನದಾಗಿಸಲು ನಾನು ಮಾಡ್‌ಗಳನ್ನು ಹಾಕಿಕೊಟ್ಟಿದ್ದೆ. ಮಾಡ್ ಎಂದರೆ ಆಟಕ್ಕೆ ಹೊರಗಿನವರು ಹೊಲಿದುಕೊಡುವ ತೇಪೆ. ಒಂದು ತೇಪೆಯಿಂದ ಲಾರಿಗೆ ಹಳದಿ-ಕೆಂಪು ಬಣ್ಣ, ಇನ್ನೊಂದರಿಂದ ಕಿವಿ ಹರಿಯುವ ಹಾರ್ನು, ಮತ್ತೊಂದರಿಂದ ಬಂಪರಿಗೆ ನಿಂಬೆಹಣ್ಣು-ಮೆಣಸಿನಕಾಯಿ. ಒಂದು ಘಾಟಿ ರಸ್ತೆಯೂ ಸಿಕ್ಕಿತ್ತು. ಅದು ಯಾವ ದೇಶದ ಘಾಟಿಯೋ, ಅವ್ವನ ಪಾಲಿಗೆ ಸಂಡೂರು ಘಾಟಿ. ಮಂದಿಯ ಲಾರಿ ಓಡಿಸುವ ಕೂಲಿ ಡ್ರೈವರಾಗಿ ಶುರುಮಾಡಿ, ಸ್ವಂತ ಲಾರಿ ಕೊಂಡು, ಈಗ ಬಾಳೆಗೊನೆ ಹೇರಿಕೊಂಡು ಅರ್ಧ ಘಾಟಿ ಹತ್ತಿ, ಒಂದು ತಿರುವಿನಲ್ಲಿ ನಿಲ್ಲಿಸಿಟ್ಟಿದ್ದಳು. ವಿಜಯದಶಮಿಗೆ ಬನ್ನಿ ಕೊಡಲು ಅವಳ ತಂಗಿ, ನಮ್ಮ ಚಿಗವ್ವ, ಕಂಪ್ಲಿಯಿಂದ ಬರುವವಳಿದ್ದಳು. ತಂಗಿಯ ಎದುರು, ಗಂಡನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಉಳಿದರ್ಧ ಹತ್ತಿ ತೋರಿಸುವುದು ಅವ್ವನ ಪಣ.

"ನೀ ಹತ್ತಿದ್ರ ಆ ಮಾತು ಇನ್ನೊಮ್ಮೆ ನನ್ನ ಬಾಯಾಗ ಬರಂಗಿಲ್ಲ, ಆತಲ್ಲ?" ಎಂದು ಅಪ್ಪ ಒಪ್ಪಿಕೊಂಡಿದ್ದರು.

ಆಯುಧ ಪೂಜೆಯ ಬೆಳಿಗ್ಗೆ ಅಪ್ಪ ಸ್ಕೂಟರು, ಜಾಕು, ಸ್ಪ್ಯಾನರುಗಳನ್ನೆಲ್ಲ ತೊಳೆದರು. ಅವ್ವ ಈಳಿಗೆಮಣೆ ತಿಕ್ಕಿದಳು. ಅಪ್ಪನಿಂದ ನನಗೂ ಆಜ್ಞೆಯಾಯಿತು.

"ಲೇ ವೀರೂ, ಕಂಪ್ಯೂಟರ್ ಒರಸಿಡು. ವಿಭೂತಿ ಹಚ್ಚಬೇಕು."

ಕಾಲೇಜಿನ ಚರ್ಚಾಸ್ಪರ್ಧೆಗಳ ಫಲಕಗಳಿಂದ ಶೋಕೇಸು ತುಂಬಿಸಿದ ನಾನು ಸುಮ್ಮನೆ ಬಟ್ಟೆ ಹಿಡಿದು ಒರೆಸುವುದೇ!

"ಹೊರಗ ಒರಸೋದು ಬರೇ ತೋರಿಕಿ, ಅಪ್ಪಾ. ಸ್ವಚ್ಛ ಮಾಡೋದಿದ್ರ ಒಳಗ ಮಾಡಬೇಕು."

"ಮಾಡಪಾ. ಬಾಯಿಲೆ ಬ್ಯಾಡ, ಕೈಲೆ ಮಾಡು."

ಕೈಯಿಂದಲೇ ಮಾಡಿದೆ. ಅದೇ ತಪ್ಪಾಯಿತು.

ಎರಡು ಹಾರ್ನ್ ಮಾಡ್‌ಗಳು ಜಗಳವಾಡಿಕೊಂಡು ಆಟ ಆಗಾಗ ಮುಗ್ಗರಿಸುತ್ತಿತ್ತು. ಹಳೆಯ ತೇಪೆಗಳನ್ನೆಲ್ಲ ಕಿತ್ತೊಗೆಯಲು ಆಟದ ಕಡತಗಳಿದ್ದ ಜಾಗಕ್ಕೆ ನುಗ್ಗಿದೆ. ಅಲ್ಲೇ ಪಕ್ಕದಲ್ಲಿ ಒಂದು ಫೋಲ್ಡರು. ಹೆಸರಿನ ಜಾಗದಲ್ಲಿ ಅಂಕಿ, ಅಕ್ಷರ ಕಲಸಿಟ್ಟ ಒಂದು ಸಾಲು. ನಾನು ತರ್ಕಿಸಿದೆ: ಬೇಕಾದ ವಸ್ತುವಿಗೆ ಹೆಸರಿರುತ್ತದೆ, ಇದಕ್ಕೆ ಹೆಸರಿಲ್ಲ, ಆದ್ದರಿಂದ ಇದು ಕಸ. ಎಷ್ಟು ಚೊಕ್ಕ ವಾದ! ಎದುರಾಳಿಯೂ ಇರಲಿಲ್ಲ.

ಸಾಮಾನ್ಯವಾಗಿ ಅಳಿಸಿದ್ದು ಮೊದಲು ಕಂಪ್ಯೂಟರಿನ ಕಸದ ಬುಟ್ಟಿಗೆ ಹೋಗುತ್ತದೆ, ಬೇಕೆಂದರೆ ವಾಪಸ್ ತೆಗೆಯಬಹುದು. ಆ ಸೌಕರ್ಯ ಇರುವುದು ಅನುಮಾನದ ಜನರಿಗೆ. ನಾನು ಶಿಫ್ಟ್ ಒತ್ತಿ ಹಿಡಿದು ಡಿಲೀಟ್ ಒತ್ತಿದೆ, ಬುಟ್ಟಿಗೂ ಸಿಗದಂತೆ. "ಖಂಡಿತವೇ?" ಎಂದು ಕಂಪ್ಯೂಟರ್ ಕೇಳಿತು. ನನ್ನನ್ನು! ಖಂಡಿತವಲ್ಲದ ಒಂದು ಮಾತನ್ನಾದರೂ ನಾನು ಆಡಿದ್ದುಂಟೇ?

ಆಟ ಈಗ ಎಷ್ಟು ಹಗುರಾಗಿದೆ ನೋಡೋಣವೆಂದು ತೆರೆದೆ. ಪರದೆಯ ಮೇಲೆ ಸಾಲು ಮೂಡಿತು: "ಸ್ವಾಗತ, ಹೊಸ ಚಾಲಕರೇ. ನಿಮ್ಮ ಹೆಸರೇನು?"

ಆ ಕ್ಷಣ ನನಗೆ ನನ್ನ ಹೆಸರೇ ನೆನಪಾಗಲಿಲ್ಲ. ಆ ಕಲಸಿಟ್ಟ ಸಾಲು ಅವ್ವನ ಹೆಸರಾಗಿತ್ತು, ಆಟ ಅದನ್ನು ತನ್ನ ಲಿಪಿಯಲ್ಲಿ ಬರೆದುಕೊಂಡಿತ್ತು. ಲಾರಿ, ಲೋಡು, ಅರ್ಧ ಘಾಟಿ, ಎಲ್ಲವೂ ಆ ಫೋಲ್ಡರಿನೊಳಗೇ ಇದ್ದವು. ನಾನು ಒಳಗೆ ಬಹಳ ಸ್ವಚ್ಛ ಮಾಡಿದ್ದೆ.

ಅಷ್ಟರಲ್ಲಿ ಅಪ್ಪ ತಟ್ಟೆ ಹಿಡಿದು ಬಂದು, ಕಂಪ್ಯೂಟರ್ ಬಂದ್ ಮಾಡಿಸಿ, ವಿಭೂತಿ ಎಳೆದು, ಚೆಂಡುಹೂವು ಇಟ್ಟರು.

"ಇನ್ನ ನಾಳೆ ಬನ್ನಿ ಮುಡಿಯೋತನ ಇದನ್ನ ಮುಟ್ಟಬ್ಯಾಡ."

ಜೀವ ಹೋಗುತ್ತಿರುವಾಗ ಸಂಪ್ರದಾಯವೇ! ನಾನು ಎದ್ದು ನಿಂತೆ.

"ಮಿಕ್ಸಿಗೂ ವಿಭೂತಿ ಹಚ್ಚೀರಿ. ಸಂಜಿಗೆ ಚಟ್ನಿ ಎಲ್ಲಿಂದ ಬರ್ತೈತ್ರಿ?"

ಅಪ್ಪ ಅವ್ವನ ಕಡೆ ನೋಡಿದರು.

"ಫ್ರಿಜ್ಜಿಗೂ ಹೂ ಇಟ್ಟೀರಿ. ಅದನ್ನೂ ಬಂದ್ ಮಾಡ್ರಿ ಹಂಗಾದ್ರ. ಮಸರು ಹುಳಿ ಆಗ್ಲಿ."

"ಮುಟ್ಕೊಳಪಾ ಮಾರಾಯಾ! ನಿನ್ನ ಕೂಡ ಯಾರು ಬಡಕೋಬೇಕು," ಎಂದು ಅಪ್ಪ ಕೈಮುಗಿದು ಹೊರಟರು. ಜಯ ನನ್ನದು!

ಅವ್ವ ಮಾತ್ರ ಬಾಗಿಲಲ್ಲೇ ನಿಂತಿದ್ದಳು. "ಏನರ ಆಗೇತೇನಪಾ?"

"ಏನಿಲ್ಲವ್ವಾ. ಲಾರಿಗೂ ಹಬ್ಬದ ಅಲಂಕಾರ ನಡದೈತಿ."

ಅಳಿಸಿದ ಕಡತ ಮರಳಿ ಪಡೆಯುವುದು ಹೇಗೆಂದು ಒಂದು ವಿಡಿಯೋ ಹಚ್ಚಿದೆ. "ಅಳಿಸಿದ ಕಡತ ಕೂಡಲೇ ಹೋಗಿಬಿಡುವುದಿಲ್ಲ, ಡಿಸ್ಕಿನಲ್ಲೇ ಇರುತ್ತದೆ," ಎಂದು ಶುರುವಾಯಿತು. ನನಗಷ್ಟು ಸಾಕಿತ್ತು. ಎದುರಿನವರ ಮಾತನ್ನು ಕೊನೆಯವರೆಗೆ ಕೇಳುವ ಚಟ ನನಗಿಲ್ಲ, ಮೊದಲ ವಾಕ್ಯಕ್ಕೇ ಉತ್ತರ ಸಿದ್ಧವಾಗುತ್ತದೆ. ವಿಡಿಯೋ ನಿಲ್ಲಿಸಿ, ಕಡತ ಹುಡುಕುವ ಒಂದು ಸಾಫ್ಟ್‌ವೇರ್ ಇಳಿಸಿದೆ. ಅದು ಆಕಳಿಸುತ್ತ ಹುಡುಕಿತು. ತಾಳ್ಮೆ ಸಾಲದೆ ಇನ್ನೊಂದು ಇಳಿಸಿದೆ. ಅದು ಹುಡುಕುವಷ್ಟರಲ್ಲಿ ಸಮಯ ಹಾಳಾಗಬಾರದೆಂದು, ಕಿತ್ತ ಮಾಡ್‌ಗಳನ್ನೆಲ್ಲ ಮತ್ತೆ ಇಳಿಸತೊಡಗಿದೆ. ಇಡೀ ಘಾಟಿಯನ್ನೇ ಇಳಿಸಿಕೊಂಡೆ!

ಸಾಫ್ಟ್‌ವೇರ್ ಒಂದೊಂದಾಗಿ ಹೆಣ ಎತ್ತತೊಡಗಿತು. ಯಾರದೋ ಮದುವೆಯ ಮಸುಕು ಫೋಟೋಗಳು. ಕೆಲಸ ಸಿಗದ ನನ್ನ ಅರ್ಜಿಗಳು. ಮೌನದ ಮಹತ್ವ ಕುರಿತು ನಾನು ಜೋರಾಗಿ ಮಾಡಿದ್ದ ಭಾಷಣ. ಕಟ್ಟಕಡೆಗೆ, ಅಂಕಿ-ಅಕ್ಷರದ ಆ ಸಾಲು! ಕುರ್ಚಿಯಲ್ಲೇ ಕುಣಿದೆ. ಒತ್ತಿದೆ.

"ಈ ಜಾಗದಲ್ಲಿ ಈಗ ಬೇರೆ ಕಡತವಿದೆ," ಎಂದು ಉತ್ತರ ಬಂತು. ಯಾವ ಕಡತವೆಂದೂ ತಿಳಿಸಿತ್ತು. ನಾನು ಇಳಿಸಿದ ಮೊದಲ ಸಾಫ್ಟ್‌ವೇರ್. ಕಳೆದದ್ದನ್ನು ಹುಡುಕಲು ಬಂದದ್ದು, ಕಳೆದದ್ದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತಿತ್ತು!

ನಿಲ್ಲಿಸಿದ್ದ ವಿಡಿಯೋವನ್ನು ಮುಂದುವರಿಸಿದೆ. ಎರಡನೆಯ ವಾಕ್ಯ ಹೀಗಿತ್ತು: "ಆದ್ದರಿಂದ ಕೂಡಲೇ ಕಂಪ್ಯೂಟರ್ ಬಂದ್ ಮಾಡಿ, ಮುಟ್ಟಬೇಡಿ. ಹೊಸದೇನು ಹಾಕಿದರೂ ಅದು ಹಳೆಯದರ ಮೇಲೆ ಕೂರಬಹುದು."

ಇದೇ ಸಲಹೆಯನ್ನು ವಿಭೂತಿ, ಚೆಂಡುಹೂವಿನ ಸಮೇತ ನನಗೆ ಕೊಡಲಾಗಿತ್ತು. ಅಪ್ಪ ಕೊಟ್ಟ ಕಾರಣ ತಪ್ಪು, ಇದನ್ನು ನಾನು ಈಗಲೂ ಸಾಧಿಸಬಲ್ಲೆ. ಆದರೆ ಕಾರಣ ತಪ್ಪಿದ್ದವರ ಕೈಯಲ್ಲಿ ಲಾರಿ ಉಳಿಯುತ್ತಿತ್ತು, ತರ್ಕ ಸರಿಯಿದ್ದವನ ಕೈಯಲ್ಲಿ ಹಾಳಾಯಿತು.

ಮರ್ಯಾದೆ ಉಳಿಸಿಕೊಳ್ಳಲು ಕೊನೆಯ ಉಪಾಯವೊಂದಿತ್ತು. ಯಾರೋ ಅಪರಿಚಿತ ಆಟಗಾರ ತಾನು ಆಡಿ ಉಳಿಸಿಟ್ಟು ಅಂತರ್ಜಾಲದಲ್ಲಿ ಹಂಚಿದ್ದ ಆಟವನ್ನು ತಂದು, ಅದಕ್ಕೆ ಅವ್ವನ ಹೆಸರಿಟ್ಟೆ. ಅದರಲ್ಲಿ ಲಾರಿಗಳ ಹಿಂಡೇ ಇತ್ತು.

ಮರುದಿನ ಚಿಗವ್ವ ಬಂದಳು. ಬನ್ನಿ ಕೊಟ್ಟು, "ಬಂಗಾರದಂಗ ಇರೋಣು" ಎಂದಿದ್ದಾಯಿತು. ಅವ್ವ ಕನ್ನಡಕ ಏರಿಸಿ ಕುಳಿತಳು. ಪಕ್ಕದಲ್ಲಿ ಅಪ್ಪ. ತೆರೆಯ ಮೇಲೆ ಫಳಫಳ ಹೊಳೆಯುವ ನೀಲಿ ಲಾರಿ.

"ಇದು ಯಾರ ಲಾರಿಯಪಾ?"

"ನಿಂದವ್ವಾ. ಹಬ್ಬಕ್ಕ ಬಣ್ಣ ಹೊಡದೀನಿ."

"ಬಾಳಿಗೊನಿ ಎಲ್ಲದಾವು?"

"ಇಳಿಸ್ಯಾರ."

"ಇಳಿಸ್ಯಾರ? ಘಾಟಿ ಹತ್ತಿದೋರು ಯಾರು?"

ಅಪ್ಪ ಹುರುಪಿನಿಂದ ಮುಂದಕ್ಕೆ ಬಾಗಿದರು. "ಹೌದಲ್ಲ, ಯಾರು ಹತ್ತಿದ್ರು? ನೀ ಅಂತೂ ಹತ್ತಲಿಲ್ಲ!"

ನನ್ನ ವಾಕ್ಚಾತುರ್ಯ ಅಲ್ಲಿಗೆ ಮುಗಿಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವ್ವ ನೀಲಿ ಲಾರಿಯನ್ನು ಮುಚ್ಚಿದಳು. "ಹೊಸ ಚಾಲಕ" ಎಂಬಲ್ಲಿ ಒತ್ತಿ, ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಬರೆದಳು. ಆಟ ಅವಳಿಗೆ ಯಾವುದೋ ಕಂಪನಿಯ ಬಿಳಿ ಲಾರಿ ಕೊಟ್ಟಿತು.

"ಬಾ, ಈಗ ನನ್ನ ಲೈನಿಗೆ ಬಂದಿ ನೋಡು," ಎಂದರು ಅಪ್ಪ. "ಜನ್ಮೆಲ್ಲಾ ಮಂದಿ ಲಾರಿ."

"ನೀವು ಸುಮ್ಕ ಕುಂದ್ರಿ. ಹೋಗಿದ್ದು ಲಾರಿ. ಘಾಟಿ ಅಲ್ಲೇ ಐತಿ."

ಗೇರು ಬಿತ್ತು. ರಸ್ತೆಯಿಂದ ಕಣ್ಣು ತೆಗೆಯದೆ, ತಣ್ಣಗೆ, ನನ್ನನ್ನು ಕೇಳಿದಳು:

"ಅಲ್ಲಪಾ, ಊರ ಮಂದಿ ಕೂಡೆಲ್ಲಾ ವಾದ ಮಾಡ್ತಿ. ಅಳಿಸೋಕಿಂತ ಮೊದ್ಲ, 'ಅವ್ವಾ, ಇದು ನಿಂದೇನು?' ಅಂತ ಒಂದು ಮಾತು ಕೇಳಿದ್ರ ನಿನ್ನ ಬಾಯಿ ಸವೀತಿತ್ತೇನು?"