ಬಂದೂಕಿಗೆ ಹುಣಸೆಹಣ್ಣು

ನಮ್ಮ ಮನೆಯಲ್ಲಿ ಊಟದ ಟೇಬಲ್ ಇದೆ, ಊಟ ಮಾತ್ರ ನೆಲದ ಮೇಲೆ. ಎಂಥ ಸಂಪ್ರದಾಯಸ್ಥರು ಎಂದು ದಯವಿಟ್ಟು ಮೆಚ್ಚಿಕೊಳ್ಳಬೇಡಿ. ಟೇಬಲ್ಲನ್ನು ನನ್ನ ಯಜಮಾನರಾದ ಶೇಷಗಿರಿರಾಯರು ಯುಗಾದಿಯಿಂದಲೇ ಆಕ್ರಮಿಸಿಕೊಂಡಿದ್ದಾರೆ.

ಅಮೆರಿಕದ ಈ ಸ್ಯಾನ್ ರಮೋನ್ ಊರಿನ ಬೇರೆ ಗಂಡಸರು ಭಾನುವಾರ ಹುಲ್ಲು ಕತ್ತರಿಸುತ್ತಾರೆ. ಇವರಿಗೆ ಹಿಡಿದದ್ದು ಬಂದೂಕಿನ ಮೇಲೆ ಚಿತ್ರ ಕೆತ್ತುವ ಹುಚ್ಚು. ಬಂದೂಕಿನ ನಡುವೆ, ಗುಂಡು ಹೋಗಿ ಕೂರುವ ಉಕ್ಕಿನ ಭಾಗಕ್ಕೆ ರಿಸೀವರ್ ಎನ್ನುತ್ತಾರಂತೆ. ("ರಿಸೀವರ್ ತಂದಿದೀನಿ" ಎಂದಾಗ ಫೋನು ರಿಪೇರಿ ಎಂದುಕೊಂಡು ನಾನು ಕಾಫಿ ಬೇರೆ ಕೊಟ್ಟಿದ್ದೆ.) ಆಫೀಸಿನ ಮ್ಯಾನೇಜರು ಡೇಲ್ ಬೇಟೆಗಾರ. ಅವನ ಮನೆಯಲ್ಲಿ ಕೆತ್ತನೆಯ ಬಂದೂಕು ನೋಡಿಬಂದದ್ದೇ ತಡ, ಇವರು ಉಳಿ, ಸುತ್ತಿಗೆ, ಭೂತಗನ್ನಡಿ ಎಲ್ಲ ಕೊಂಡರು. ಜಿರಲೆ ಕಂಡರೆ ಕುರ್ಚಿ ಹತ್ತುವ ಮನುಷ್ಯ!

ಅಂದಿನಿಂದ ಟಕ್ ಟಕ್ ಟಕ್. ಕೆತ್ತಿದ ಮೊದಲ ಜಿಂಕೆಗೆ ಮೂರೂವರೆ ಕಾಲು ಬಂತು. ಎರಡನೆಯದಕ್ಕೆ ನಮ್ಮತ್ತೆಯ ಮುಖ ಬಂತು. ಉಕ್ಕಿನ ಚೂರು ಕಾಲಿಗೆ ಚುಚ್ಚಿತು, ಅವಲಕ್ಕಿಯಲ್ಲಿ ಸಿಕ್ಕಿತು, ಕೊನೆಗೆ ಹಾಸಿಗೆಗೂ ಬಂತು. ನನಗಂತೂ ಜೀವನವೇ ಸಾಕಾಗಿಹೋಗಿತ್ತು. ಟೇಬಲ್ ಮೇಲೆ ತಲೆಯಿಟ್ಟು ಅಳೋಣವೆಂದರೆ ಅಲ್ಲಿ ಜಾಗವಿರಲಿಲ್ಲ.

"ರೀ, ನನ್ನ ಟೇಬಲ್ ಯಾವಾಗ ಬಿಟ್ಕೊಡ್ತೀರಿ?"

"ಇಂದೂ, ಡೇಲ್ ನನ್ನ ನಂಬಿ ಅವನದೇ ರಿಸೀವರ್ ಕೊಟ್ಟಿದಾನೆ ಕಣೇ. ಇದೊಂದು ಮುಗಿಸಿ ಅವನ ಕೈಗೆ ಕೊಟ್ಬಿಡ್ತೀನಿ. ಆಮೇಲೆ ಉಳಿ ಮುಟ್ಟಲ್ಲ."

"ದೇವರ ಮುಂದೆ ಹೇಳಿ."

ದೀಪ ಮುಟ್ಟಿ ಹೇಳಿದರು.

ಆ ಜಿಂಕೆ ಮಾತ್ರ ಜಿಂಕೆಯಂತೆಯೇ ಬಂತು, ಸುತ್ತ ಎಲೆ, ಬಳ್ಳಿ. ನನಗೂ ಒಳಗೊಳಗೇ ಹೆಮ್ಮೆ. ಆಮೇಲೆ ಯಾವುದೋ ಅಂಗಡಿಗೆ ಕೊಟ್ಟು ಏನೋ ಮಾಡಿಸಿ ತಂದರು. ನೋಡಿದರೆ ಬಾಣಲೆಯ ತಳದಷ್ಟು ಕಪ್ಪು! ಮಾರನೆಯ ದಿನ ಆಯುಧಪೂಜೆ. ಅಂದೇ ಸಂಜೆ ಡೇಲ್ ಬಂದು ಒಯ್ಯುವವನಿದ್ದ. ಅಷ್ಟು ದುಡಿದು ಕೊನೆಗೆ ಕಿಲುಬು ಹಿಡಿಸಿಕೊಂಡು ಬಂದರಲ್ಲ, ಪಾಪ, ಎನ್ನಿಸಿತು.

ಬೆಳಿಗ್ಗೆ ಇವರು ಪೂಜೆಗೆಂದು ಕಾರು ತೊಳೆಯಲು ಹೋದರು. ನಾನು ದೀಪದ ಕಂಬ, ಪಂಚಪಾತ್ರೆಗಳ ಜೊತೆ ಅದನ್ನೂ ಸಿಂಕಿಗೆ ಹಾಕಿದೆ. ಮನೆಯಲ್ಲಿರುವ ಏಕಮಾತ್ರ ಆಯುಧ, ಕೊಳಕಾಗಿ ದೇವರ ಮುಂದೆ ಕೂರುವುದೇ? ಹುಣಸೆಹಣ್ಣು ಹಾಕಿ ತಿಕ್ಕಿದೆ, ನೆನೆಹಾಕಿದೆ, ಮತ್ತೆ ತಿಕ್ಕಿದೆ. ಕಪ್ಪೆಲ್ಲ ಬಿಟ್ಟು ಬೂದುಬೆಳ್ಳಗಾಯಿತು. ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದೆ.

ಒಳಗೆ ಬಂದವರು ಅದನ್ನು ನೋಡಿ ಹಾಗೇ ಕುಸಿದು ಕೂತರು.

"ಇಂದೂ... ಅದು ಕಿಲುಬಲ್ಲ ಕಣೇ. ತುಕ್ಕು ಹಿಡೀಬಾರ್ದು ಅಂತ ಹಾಕ್ಸಿದ ಬಣ್ಣ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಬಂದೂಕನ್ನ ಹುಣಸೆಹಣ್ಣಲ್ಲಿ ತೊಳೀಬೇಡ ಅಂತ ಯಾವ ಗಂಡ ಹೆಂಡ್ತಿಗೆ ಹೇಳ್ತಾನೆ?"

ಇವರು ಪಾಯಸ ಮುಟ್ಟಲಿಲ್ಲ. ಮ್ಯಾನೇಜರು ಮುನಿಸಿಕೊಂಡರೆ ಕೆಲಸದ ಗತಿಯೇನೆಂದು ನಾನು ದೇವರಿಗೆ ಇನ್ನೊಂದು ತೆಂಗಿನಕಾಯಿ ಒಡೆದೆ.

ಸಂಜೆ ಡೇಲ್ ಬಂದ. ಅದನ್ನೆತ್ತಿ, ಕುಂಕುಮ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದ. ಅವನ ಕಣ್ಣು ಒದ್ದೆಯಾಯಿತು. ಅವನ ತಾತನ ಬಂದೂಕು ಕೈಯಲ್ಲಿ ಸವೆದು ಸವೆದು ಹೀಗೇ ಬೆಳ್ಳಗಿತ್ತಂತೆ, ಅಂಥದ್ದನ್ನು ಈಗ ಯಾವ ಅಂಗಡಿಯವರೂ ಮಾಡಿಕೊಡುವುದಿಲ್ಲವಂತೆ. ಯಾರು ಮಾಡಿದ್ದು ಎಂದ. ಇವರು ತೆಪ್ಪಗೆ ನನ್ನತ್ತ ಬೆರಳು ತೋರಿಸಿದರು. ಬದುಕಿಕೊಂಡೆವೆಂಬ ಸಂತೋಷದಲ್ಲಿ ನಾನು, ಯಾವಾಗ ಬೇಕಾದರೂ ಮಾಡಿಕೊಡುತ್ತೇನೆ ಎಂದುಬಿಟ್ಟೆ.

ಡೇಲ್‌ಗೆ ಬೇಟೆಯ ಗೆಳೆಯರು ಇಷ್ಟೊಂದು ಜನ ಎಂದು ನನಗೇನು ಗೊತ್ತು?

"ದೀಪ ಮುಟ್ಟಿ ಹೇಳಿದ್ರಲ್ಲ ರೀ!" ಎಂದರೆ, "ಅವರು ಬರೋದು ನಿನ್ನ ಕೈಗುಣ ನೋಡಿ. ಕೆತ್ತದೇ ಇರೋದನ್ನ ತೊಳೆದು ಏನ್ಮಾಡ್ತೀಯಾ?" ಎನ್ನುತ್ತಾರೆ. ಟೇಬಲ್ಲಿನ ಆಸೆ ಬಿಟ್ಟಿದ್ದೇನೆ. ಅಲ್ಲಿ ಇವರು ಕೆತ್ತುತ್ತಾರೆ, ಸಿಂಕಿನಲ್ಲಿ ನಾನು ತಿಕ್ಕುತ್ತೇನೆ. ಬಾಟಲಿಯಲ್ಲಿದ್ದ ಹುಣಸೆಹಣ್ಣು ಪೂರ್ತಿ ಬಂದೂಕಿಗೇ ಹೋಯಿತು.

ನಿನ್ನೆ ಇವರು ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, "ಯಾಕೇ, ಹುಳೀನೇ ಇಲ್ಲ?" ಎಂದರು.